ಬೀದಿಯಿಂದ ಉಳಿಸಿದ ಬೆಕ್ಕನ್ನು ಮನೆಗೆ ತರುತ್ತಿದ್ದೇವೆ: ದಸರಾಕ್ಕೆ ಮೊದಲೋ, ಆಮೇಲೋ?

ಅಗ್ರಹಾರದ_ಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರಿನ ಅಗ್ರಹಾರದಲ್ಲಿ ಒಂದು ಹಳೇ ಮನೆ. ಮಹಡಿ ಮೇಲೆ ನಾವಿದ್ದೇವೆ. ನಾನು, ಯಜಮಾನರು, ಅತ್ತೆ, 9 ವರ್ಷದ ಮಗಳು. ಸದ್ಯದಲ್ಲೇ ಇನ್ನೊಬ್ಬಳು ಬರುತ್ತಾಳೆ.

ಜೂನ್ ಮಳೆಯಲ್ಲಿ ರಿಂಗ್ ರಸ್ತೆ ಪಕ್ಕದ ಚರಂಡಿಯಲ್ಲಿ ಸಿಕ್ಕಿದವಳು ಅವಳು. ಹಿಂಗಾಲಿಗೆ ಪೆಟ್ಟಾಗಿತ್ತು. ಜೊತೆಗೆ ಮೂರು ಮರಿ. ಕುವೆಂಪುನಗರದ ಒಬ್ಬ ಮೇಡಂ ಎತ್ತಿಕೊಂಡು ಹೋಗಿ ಔಷಧಿ ಮಾಡಿಸಿ ಸಾಕಿದರು. ಮರಿಗಳಿಗೆಲ್ಲ ಮನೆ ಸಿಕ್ಕಿತು. ತಾಯಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಫೋನ್ ಮಾಡಿದವರೆಲ್ಲ ‘ಮರಿ ಇದ್ದರೆ ಹೇಳಿ’ ಎನ್ನುತ್ತಿದ್ದರಂತೆ. ಅದನ್ನು ಕೇಳಿದ ದಿನವೇ ನಾನು ಮನಸ್ಸು ಮಾಡಿಬಿಟ್ಟೆ.

ಮೂರು ಸಲ ಹೋಗಿ ನೋಡಿ ಬಂದೆವು. ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ ಇದೆ. ವಯಸ್ಸು ಒಂದೂವರೆ ವರ್ಷ ಇರಬಹುದು ಎಂದರು. ಮೊದಲ ಎರಡು ಸಲ ಮಂಚದ ಕೆಳಗಿನಿಂದ ಹೊರಗೇ ಬರಲಿಲ್ಲ. ಮೂರನೇ ಸಲ ಬಂದು ನನ್ನ ಮಗಳ ಚಪ್ಪಲಿ ಮೂಸಿದಳು, ಅಷ್ಟೇ. ಮಗಳು ದಾರಿಯುದ್ದಕ್ಕೂ ಅದನ್ನೇ ಹೇಳುತ್ತಾ ಬಂದಳು.

ಮೊನ್ನೆ ಮಂಗಳವಾರ ಅವಳಿಗೆ ಮರಿಯಾಗದ ಹಾಗೆ ಆಪರೇಷನ್ ಆಯಿತು. ವಿಜಯದಶಮಿಗೆ ಇನ್ನು ಮೂರು ವಾರ. ಈಗಲೇ ಕರೆದುಕೊಂಡು ಬರೋಣವಾ, ಹಬ್ಬ ಮುಗಿಯಲಿ ಎನ್ನೋಣವಾ? ನಮ್ಮ ಮನೆಗೆ ಅರಮನೆಯ ಸದ್ದೆಲ್ಲ ಕೇಳುತ್ತೆ. ಇನ್ನೊಂದು ವಿಷಯ. ನಮ್ಮದು ಸಸ್ಯಾಹಾರಿ ಮನೆ. ಅತ್ತೆ ‘ಹಾಲು, ಮೊಸರನ್ನ ಹಾಕೋಣ’ ಎನ್ನುತ್ತಾರೆ. ಅದು ಸಾಕಾಗುತ್ತಾ? ನಾವು ಯಾರೂ ಬೆಕ್ಕು ಸಾಕಿದವರಲ್ಲ. ದಯವಿಟ್ಟು ಗೊತ್ತಿರುವವರು ಎಲ್ಲಾ ಹೇಳಿಕೊಡಿ.

ಮೂರು_ಬೆಕ್ಕಿನ_ಅಮ್ಮ
ದೊಡ್ಡ ಬೆಕ್ಕನ್ನು ತರುತ್ತಿದ್ದೀರಲ್ಲ, ಅದಕ್ಕೇ ಮೊದಲು ನಿಮಗೆ ಕೈ ಮುಗಿಯುತ್ತೇನೆ. ನಾನು ಜಯಲಕ್ಷ್ಮೀಪುರಂ, ಮೂರೂ ಬೀದಿಯಿಂದ ಬಂದವೇ.

ಹಬ್ಬ ಮುಗಿದ ಮೇಲೆ ತನ್ನಿ. ವಿಜಯದಶಮಿ ದಿನ 21 ಕುಶಾಲತೋಪು ಹಾರಿಸುತ್ತಾರೆ. ಅದಕ್ಕೂ ಮೊದಲು ಆನೆ, ಕುದುರೆಗಳಿಗೆ ಸದ್ದು ಅಭ್ಯಾಸವಾಗಲಿ ಎಂದು ತಾಲೀಮಿನಲ್ಲೂ ಫಿರಂಗಿ ಸಿಡಿಸುತ್ತಾರೆ. ದಸರಾ ಆನೆಗಳಿಗೇ ಅಷ್ಟು ದಿನ ರೂಢಿ ಮಾಡಿಸಬೇಕು ಎಂದ ಮೇಲೆ, ಹೊಸ ಮನೆಗೆ ಬಂದು ಎರಡು ದಿನ ಆಗಿರುವ ಬೆಕ್ಕಿನ ಗತಿ ಏನು? ಈ ಮನೆ ಎಂದರೆ ಈ ಸದ್ದು ಎಂದೇ ಅವಳ ತಲೆಯಲ್ಲಿ ಕೂತುಬಿಡುತ್ತೆ. ಆಪರೇಷನ್ ಗಾಯ ಮಾಯಲೂ 10ರಿಂದ 14 ದಿನ ಬೇಕು. ಆ ದಿನಗಳನ್ನು ಅವಳು ಪರಿಚಯದ ಜಾಗದಲ್ಲೇ ಕಳೆಯಲಿ. ಹಬ್ಬ ಮುಗಿದು ತಂದರೆ ದೀಪಾವಳಿಗೆ ಇನ್ನೂ 20 ದಿನದ ಹತ್ತಿರ ಇರುತ್ತೆ. ಅಷ್ಟರಲ್ಲಿ ನಿಮ್ಮ ಮನೆ ವಾಸನೆ ಅವಳಿಗೆ ಹತ್ತಿರುತ್ತೆ.

ನಿಮ್ಮ ಮನೆಯಲ್ಲಿ ಗೊಂಬೆ ಕೂರಿಸುತ್ತೀರಾ? ಕೂರಿಸುವುದಾದರೆ ಅದೂ ಒಂದು ಕಾರಣ. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದನ್ನು ಕಂಡರೆ ಬೆಕ್ಕು ಹತ್ತದೇ ಇರಲ್ಲ.

ಅಗ್ರಹಾರದ_ಮನೆ
ಕೂರಿಸುತ್ತೇವೆ ಅಕ್ಕಾ. ಅತ್ತೆಯ ತವರಿನಿಂದ ಬಂದ ಪಟ್ಟದ ಗೊಂಬೆ, ಏಳು ಮೆಟ್ಟಿಲು. ಹಾಗಾದರೆ ಹಬ್ಬ ಆದಮೇಲೆ ಬರುವ ಭಾನುವಾರವೇ ಎಂದು ನಿಶ್ಚಯ. ಕುವೆಂಪುನಗರದ ಮೇಡಂ ಕೂಡ ‘ಅದೇ ಸರಿ’ ಎಂದರು.

ಬೋಗಾದಿ_ಪಶುವೈದ್ಯೆ
ಊಟದ ವಿಷಯಕ್ಕೆ ಬರುತ್ತೇನೆ. ಬೆಕ್ಕು ಪೂರ್ತಿ ಮಾಂಸಾಹಾರಿ. ನಾಯಿಯ ಹಾಗೆ ಅನ್ನ, ಮುದ್ದೆಯಲ್ಲಿ ಹೇಗೋ ನಿಭಾಯಿಸಿಕೊಳ್ಳುವ ಪ್ರಾಣಿ ಅಲ್ಲ. ಟಾರಿನ್ ಅನ್ನುವ ಒಂದು ಅಂಶ ಅದಕ್ಕೆ ಬೇಕೇ ಬೇಕು. ಮಾಂಸ, ಮೀನಿನಲ್ಲಿದೆ. ಅನ್ನ, ತರಕಾರಿಯಲ್ಲಿ ಇಲ್ಲ. ಹಾಲು, ಮೊಸರಲ್ಲಿ ಇರುವುದು ಏನೇನೂ ಸಾಲದು. ಇದು ಕಡಿಮೆಯಾದರೆ ಹೃದಯದ ಗೋಡೆ ತೆಳುವಾಗಿ ಹೃದಯ ಹಿಗ್ಗುತ್ತೆ, ಕಣ್ಣೂ ಹೋಗಬಹುದು. 1987ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಪತ್ತೆ ಮಾಡಿದ ಮೇಲೆ ಬೆಕ್ಕಿನ ರೆಡಿಮೇಡ್ ಆಹಾರಗಳಲ್ಲಿ ಟಾರಿನ್ ಹೆಚ್ಚಿಸಿದರು. ಮೊಸರನ್ನ ತಿಂದು ಹೊಟ್ಟೆ ತುಂಬಬಹುದು, ದೇಹಕ್ಕೆ ಬೇಕಾದದ್ದು ಸಿಗುವುದಿಲ್ಲ.

ಹಾಲೂ ಬೇಡ. ದೊಡ್ಡದಾದ ಮೇಲೆ ಹೆಚ್ಚಿನ ಬೆಕ್ಕುಗಳಿಗೆ ಹಾಲು ಅರಗುವುದಿಲ್ಲ, ಭೇದಿಯಾಗುತ್ತೆ. ಬೆಕ್ಕು ಹಾಲು ಕುಡಿಯುತ್ತೆ ನಿಜ, ಆದರೆ ಕುಡಿಯುವುದೆಲ್ಲ ಒಳ್ಳೆಯದಲ್ಲ. ಒಂದು ಬಟ್ಟಲು ನೀರು ಯಾವಾಗಲೂ ಇರಲಿ.

ಸಸ್ಯಾಹಾರಿ ಮನೆಯವರಿಗೆ ಸುಲಭದ ದಾರಿ ಪ್ಯಾಕೆಟ್ ಒಣ ಆಹಾರ. ಬೆಕ್ಕಿನದೇ ತನ್ನಿ, ನಾಯಿಯದು ಆಗುವುದಿಲ್ಲ. ಮನೆಯಲ್ಲಿ ಮಾಂಸ ಬೇಯಿಸಬೇಕಾಗಿಲ್ಲ. ಒಂದು ತಟ್ಟೆ, ಒಂದು ಡಬ್ಬಿ, ಒಂದು ಮೂಲೆ ಅವಳಿಗೆ ಅಂತ ಇಟ್ಟರೆ ಸಾಕು. ಈಗ ಅಲ್ಲಿ ಏನು ತಿನ್ನುತ್ತಿದ್ದಾಳೋ ಮೊದಲ ವಾರ ಅದನ್ನೇ ಕೊಡಿ. ಬದಲಿಸಬೇಕೆಂದರೆ ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಒಂದು ವಾರ ತೆಗೆದುಕೊಳ್ಳಿ.

ಬರುವ ಮೊದಲೇ ಅವರ ಹತ್ತಿರ ಒಂದಿಷ್ಟು ಕೇಳಿ ಬರೆದುಕೊಳ್ಳಿ. ಜಂತುಹುಳಕ್ಕೆ ಔಷಧಿ ಯಾವಾಗ ಕೊಟ್ಟರು? ಚಿಗಟ, ಉಣ್ಣೆ ಇತ್ತಾ? ಯಾವ ಲಸಿಕೆ ಆಗಿದೆ? ದೊಡ್ಡ ಬೆಕ್ಕಿಗೆ ಮೂರು ಕಾಯಿಲೆಗೆ ಸೇರಿಸಿ ಕೊಡುವ ಲಸಿಕೆಯನ್ನು 3-4 ವಾರ ಬಿಟ್ಟು ಎರಡು ಸಲ ಹಾಕುತ್ತೇವೆ. ರೇಬಿಸ್‌ನದು ಬೇರೆ. ಲಸಿಕೆ ಪುಸ್ತಕವನ್ನು ಕೈಗೆ ತೆಗೆದುಕೊಂಡೇ ಬನ್ನಿ. ಬೀದಿಯಲ್ಲಿದ್ದ ಬೆಕ್ಕಾದ್ದರಿಂದ ಎಫ್‌ಐವಿ, ಎಫ್‌ಇಎಲ್‌ವಿ ಎಂಬ ಎರಡು ವೈರಸ್‌ಗೆ ರಕ್ತ ಪರೀಕ್ಷೆ ಮಾಡಿಸಿದರೆ ಒಳ್ಳೆಯದು. ಎರಡೂ ಮನುಷ್ಯರಿಗೆ ಬರುವುದಿಲ್ಲ, ಹೆದರಬೇಡಿ.

ಅಗ್ರಹಾರದ_ಮನೆ
ಡಾಕ್ಟರ್ ಮೇಡಂ, ನೀವು ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ಹುಲಿ ಹಸಿದರೆ ಹುಲ್ಲು ತಿನ್ನುತ್ತಾ, ಅದರ ಹೊಟ್ಟೆಗೆ ಏನು ಬೇಕೋ ಅದನ್ನೇ ಹಾಕಬೇಕು’ ಎಂದರು. ತಟ್ಟೆ ಮಾತ್ರ ಅಡುಗೆಮನೆಗೆ ಬರಬಾರದಂತೆ. ಹಿಂದಿನ ಕೋಣೆಯಲ್ಲೇ ಇಡುತ್ತೇವೆ.

ಬಣವೆ_ಪಾಂಡವಪುರ
ನಾನು ಹಳ್ಳಿಯವನು, ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬೆಕ್ಕನ್ನು ಮಹಡಿ ಮನೆ ಒಳಗೆ ಕೂಡಿಹಾಕುವುದು ಪಾಪ ಅಲ್ವಾ? ನಮ್ಮಲ್ಲಿ ಭತ್ತ, ಹುಲ್ಲಿನ ಬಣವೆ, ಆಲೆಮನೆ ಎಲ್ಲಾ ಕಡೆ ಬೆಕ್ಕು ಓಡಾಡಿಕೊಂಡಿರುತ್ತೆ. ಏಳು ಮನೆ ತಿರುಗಿ ಮರಿ ಇಡುವ ಪ್ರಾಣಿ ಅದು. ಬಾಗಿಲು ಹಾಕಿ ಇಟ್ಟರೆ ಕೊರಗಲ್ವಾ?

ಮೂರು_ಬೆಕ್ಕಿನ_ಅಮ್ಮ
ಅಣ್ಣಾ, ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ಆದರೆ ಏಳು ಮನೆ ತಿರುಗುವುದು ಅದಕ್ಕೆ ಖುಷಿಯಾಗಿ ಅಲ್ಲ. ನಾಯಿ, ಗಂಡು ಬೆಕ್ಕು, ಜನ ಯಾರ ಕಣ್ಣಿಗೂ ಮರಿ ಬೀಳಬಾರದು ಎಂದು ತಾಯಿ ಬಾಯಲ್ಲಿ ಕಚ್ಚಿಕೊಂಡು ಜಾಗ ಬದಲಿಸುತ್ತೆ. ಸುರಕ್ಷಿತ ಜಾಗ ಸಿಕ್ಕಿದ್ದರೆ ಅಲ್ಲೇ ಇರುತ್ತಿತ್ತು.

ನನ್ನ ಮೊದಲ ಬೆಕ್ಕನ್ನು ನಾನೂ ಹೊರಗೆ ಬಿಡುತ್ತಿದ್ದೆ. ಎರಡು ವರ್ಷ ಏನೂ ಆಗಲಿಲ್ಲ. ಒಂದು ದಿನ ಬೆಳಿಗ್ಗೆ ಹಾಲಿನವನು ಬಂದು ಹೇಳಿದ. ರಸ್ತೆಯಲ್ಲಿ ಬಿದ್ದಿತ್ತು. ಆವತ್ತಿನಿಂದ ನನ್ನ ಮನೆಯ ಬೆಕ್ಕು ಹೊಸಿಲು ದಾಟಿಲ್ಲ. ಕಿಟಕಿ, ಎತ್ತರದ ಜಾಗ, ದಿನಕ್ಕೆ ಎರಡು ಹೊತ್ತು ಆಟ. ಇಷ್ಟಿದ್ದರೆ ಕೊರಗುವುದಿಲ್ಲ.

ಬಣವೆ_ಪಾಂಡವಪುರ
ನಮ್ಮ ಒಂದು ಬೆಕ್ಕು ಇಲಿಪಾಷಾಣ ತಿಂದ ಇಲಿಯನ್ನು ಹಿಡಿದು ಸತ್ತಿತ್ತು. ನಾವು ಇಟ್ಟಿದ್ದಲ್ಲ, ಪಕ್ಕದ ಗದ್ದೆಯವರು ಇಟ್ಟಿದ್ದು. ಅದು ನೆನಪಾಯಿತು. ಪಟ್ಟಣಕ್ಕೆ ನೀವು ಹೇಳಿದ್ದು ಸರಿ ಇರಬಹುದು ಅಕ್ಕ. ನಮ್ಮ ಊರಿಗೆ ಮಾತ್ರ ನಾನು ಒಪ್ಪಲ್ಲ.

ಹೂ_ಕಟ್ಟೋಳು
ನಾನು ಒಂದೇ ವಿಷಯ ಹೇಳಲು ಬಂದೆ. ದಾರ.

ನಾನು ಮನೆಯಲ್ಲಿ ಮಲ್ಲಿಗೆ ಕಟ್ಟಿ ಕೊಡುತ್ತೇನೆ. ಕಟ್ಟಿ ಮುಗಿದ ಮೇಲೆ ಗೇಣುದ್ದದ ದಾರ ನೆಲದಲ್ಲಿ ಉಳಿದಿತ್ತು. ನಮ್ಮ ಬೆಕ್ಕು ಅದರ ಜೊತೆ ಆಡಿತು, ನಾನೂ ನೋಡಿ ನಕ್ಕೆ. ಮಾರನೇ ದಿನದಿಂದ ವಾಂತಿ, ಊಟ ಬಿಟ್ಟಿತು. ಡಾಕ್ಟರು ಬಾಯಿ ತೆಗೆಸಿ ನೋಡಿದರೆ ನಾಲಿಗೆಯ ಬುಡಕ್ಕೆ ದಾರ ಸುತ್ತಿಕೊಂಡಿದೆ, ಇನ್ನೊಂದು ತುದಿ ಕರುಳಿಗೆ ಇಳಿದಿದೆ. ಹೊಟ್ಟೆ ಕೊಯ್ದು ತೆಗೆದರು. ಬದುಕಿತು. ಅವತ್ತು ರಾತ್ರಿ ನಾನು ಅತ್ತ ಹಾಗೆ ಯಾವತ್ತೂ ಅತ್ತಿಲ್ಲ.

ಬೆಕ್ಕಿನ ನಾಲಿಗೆ ಮೇಲೆ ಒಳಮುಖವಾಗಿ ಬಾಗಿದ ಮುಳ್ಳುಗಳಿರುತ್ತವೆ. ಒಮ್ಮೆ ಬಾಯಿಗೆ ಹೋದ ದಾರವನ್ನು ಉಗುಳಲು ಅದಕ್ಕೆ ಕಷ್ಟ. ಮಲ್ಲಿಗೆ ಹೂವಿಂದ ಏನೂ ತೊಂದರೆ ಇಲ್ಲ. ದಾರ, ಹೊಲಿಗೆ ನೂಲು, ಸೂಜಿ, ರಿಬ್ಬನ್, ರಬ್ಬರ್ ಬ್ಯಾಂಡ್ ಇವೆಲ್ಲ ಮುಚ್ಚಳದ ಡಬ್ಬಿಗೆ ಹೋಗಲಿ. ಮುಡಿದು ತೆಗೆದ ಹೂವನ್ನೂ ಎಲ್ಲೋ ಇಡಬೇಡಿ. ದಾರದ ತುದಿ ಬಾಯಲ್ಲೋ ಹಿಂದುಗಡೆಯೋ ಕಂಡರೆ ಎಳೆಯಲೇಬೇಡಿ, ಕರುಳು ಕೊಯ್ದುಹೋಗುತ್ತೆ. ಹಾಗೇ ಡಾಕ್ಟರ್ ಹತ್ತಿರ ಓಡಿ.

ಬೋಗಾದಿ_ಪಶುವೈದ್ಯೆ
ಇವರು ಹೇಳಿದ್ದು ಅಕ್ಷರಶಃ ನಿಜ. ಅದರ ಜೊತೆಗೆ ನೆಲ ಒರೆಸುವ ಫಿನಾಯಿಲ್ ಕೂಡ. ಆ ಜಾತಿಯ ರಾಸಾಯನಿಕವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ತುಂಬಾ ಕಡಿಮೆ. ಒದ್ದೆ ನೆಲದ ಮೇಲೆ ನಡೆಯುತ್ತೆ, ಆಮೇಲೆ ಪಾದ ನೆಕ್ಕುತ್ತೆ, ವಿಷ ಒಳಗೆ ಹೋಯಿತು. ಅವಳ ಕೋಣೆಗೆ ಸೋಪಿನ ನೀರು ಸಾಕು. ಪ್ಯಾರಾಸಿಟಮಾಲ್ ಕಥೆಯೂ ಇದೇ. ಬೆಕ್ಕಿಗೆ ಜ್ವರ ಎಂದು ಮನೆಯಲ್ಲಿರುವ ಮಾತ್ರೆಯ ಚೂರು ಕೊಟ್ಟು ಆಮೇಲೆ ನನ್ನ ಹತ್ತಿರ ತರುತ್ತಾರೆ, ಅಷ್ಟರಲ್ಲಿ ಒಸಡು ನೀಲಿ ಆಗಿರುತ್ತೆ. ಒಂದೇ ಒಂದು ಮಾತ್ರೆ ಸಾಕು ಜೀವ ಹೋಗಲು. ನಾಯಿಯ ಚಿಗಟಕ್ಕೆ ಬೆನ್ನ ಮೇಲೆ ಹಾಕುವ ಪರ್ಮೆಥ್ರಿನ್ ಔಷಧಿಯನ್ನೂ ಬೆಕ್ಕಿಗೆ ಹಾಕಬಾರದು. ಬೀರುವಿನ ನುಸಿಗುಳಿಗೆ, ದೇವರ ಮನೆಯ ಕರ್ಪೂರ ಅವಳಿಗೆ ಸಿಗದ ಹಾಗೆ ಇಡಿ.

ಗಿಡಗಳಲ್ಲಿ ಲಿಲ್ಲಿ ಬಹಳ ಕೆಟ್ಟದ್ದು. ಹೂವಿನ ಪುಡಿ ಮೈಗೆ ತಾಗಿ ನೆಕ್ಕಿಕೊಂಡರೂ ಕಿಡ್ನಿ ಹೋಗುತ್ತೆ. ಪೂಜೆಗೆ ಎಂದು ಕಣಗಿಲೆ ಬೆಳೆಸಿದ್ದರೆ ಅದನ್ನೂ ದೂರ ಇಡಿ.

ಅಗ್ರಹಾರದ_ಮನೆ
ಬಾಲ್ಕನಿಯಲ್ಲಿ ಕಣಗಿಲೆ ಕುಂಡ ಇತ್ತು. ಇವತ್ತೇ ಕೆಳಗಿನ ಅಂಗಳಕ್ಕೆ ಇಳಿಸಿದೆವು.

ವಿಜಯನಗರ_ಬಾಡಿಗೆ
ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನಾವು ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗೆ ಇದ್ದೇವೆ. ಅಸೋಸಿಯೇಷನ್‌ನವರು ಪ್ರಾಣಿ ಸಾಕಬಾರದು ಎನ್ನುತ್ತಾರೆ. ನಾವೂ ಒಂದು ಬೆಕ್ಕು ತರಬೇಕೆಂದಿದ್ದೆವು.

ಸಕ್ಕರೆ_ನಾಡು
ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಸಾಕುಪ್ರಾಣಿ ಬೇಡ ಎಂದು ಅಸೋಸಿಯೇಷನ್ ನಿಷೇಧ ಹಾಕುವಂತಿಲ್ಲ. ಆದರೆ ಬಾಡಿಗೆ ಕರಾರು ನೀವು ಮತ್ತು ಓನರ್ ನಡುವಿನದು. ಓನರ್ ಹತ್ತಿರ ಮೊದಲೇ ಮಾತಾಡಿ, ಕರಾರಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ತಂದಮೇಲೆ ಜಗಳವಾಗಿ ಬೆಕ್ಕನ್ನು ವಾಪಸ್ ಬಿಟ್ಟು ಬರುವುದನ್ನು ನಾನು ಮಂಡ್ಯದಲ್ಲಿ ಕಣ್ಣಾರೆ ನೋಡಿದ್ದೇನೆ. ಒಂದು ಸಲ ಮನೆ ಕಂಡ ಬೆಕ್ಕನ್ನು ಮತ್ತೆ ಬೀದಿಗೆ ಬಿಟ್ಟರೆ ಅದಕ್ಕೆ ತಡೆಯಲು ಆಗಲ್ಲ.

ಅಗ್ರಹಾರದವರಿಗೆ ಒಂದು ಮಾತು. ಕರೆತರುವಾಗ ಕೈಯಲ್ಲಿ ಎತ್ತಿಕೊಂಡು ಆಟೋದಲ್ಲಿ ಕೂರಬೇಡಿ. ನನ್ನ ತಂಗಿ ಹಾಗೆ ಮಾಡಿದ್ದಳು. ಸಿಗ್ನಲ್‌ನಲ್ಲಿ ಬಸ್ಸು ಹಾರ್ನ್ ಹೊಡೆಯಿತು, ಬೆಕ್ಕು ಅವಳ ಕೈ ಪರಚಿ ಕಚ್ಚಿ ಹಾರಿತು. ನಾಲ್ಕು ದಿನ ಆದಮೇಲೆ ಒಂದು ಗ್ಯಾರೇಜ್ ಹಿಂದೆ ಸಿಕ್ಕಿತು. ತಂಗಿಗೆ ರೇಬಿಸ್ ಚುಚ್ಚುಮದ್ದು. ಕಚ್ಚಿದರೆ, ರಕ್ತ ಬರುವ ಹಾಗೆ ಪರಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ ಹಚ್ಚಿಕೊಂಡು ಮನೆಯಲ್ಲಿ ಕೂರಬಾರದು. ಮಗು ಇರುವ ಮನೆ, ಅದಕ್ಕೇ ಹೇಳುತ್ತಿದ್ದೇನೆ.

ಮೂರು_ಬೆಕ್ಕಿನ_ಅಮ್ಮ
ಬಾಗಿಲು ಇರುವ ಗಟ್ಟಿ ಪ್ಲಾಸ್ಟಿಕ್ ಕ್ಯಾರಿಯರ್ ತೆಗೆದುಕೊಳ್ಳಿ. ಒಂದು ವಾರ ಮೊದಲೇ ಕುವೆಂಪುನಗರಕ್ಕೆ ಕೊಟ್ಟು ಬನ್ನಿ. ಅಲ್ಲಿ ತೆರೆದಿಟ್ಟರೆ ಒಳಗೆ ಹೋಗಿ ಬಂದು ಅಭ್ಯಾಸವಾಗಿರುತ್ತೆ. ತರುವ ದಿನ ಮೇಲೊಂದು ಹಳೇ ಪಂಚೆ ಮುಚ್ಚಿ. ಕತ್ತಲಿದ್ದರೆ ಸಮಾಧಾನ. ಅವಳು ಈಗ ಮಲಗುವ ಬಟ್ಟೆಯನ್ನು ಒಗೆಯದೇ ಹಾಗೇ ಕೇಳಿ ತನ್ನಿ. ಅವಳದೇ ವಾಸನೆ ಇರುತ್ತೆ.

ಕೋಣೆ ಒಂದೇ ಸಾಕು. ಇಡೀ ಮನೆ ಬಿಟ್ಟರೆ ಗಾಬರಿಯಾಗಿ ಎಲ್ಲಿ ತೂರಿಕೊಳ್ಳುತ್ತಾಳೋ ಹೇಳಕ್ಕಾಗಲ್ಲ, ಅದರಲ್ಲೂ ಹಳೇ ಮನೆ. ಅಟ್ಟದ ಬಾಗಿಲು, ಹೆಂಚಿನ ಸಂದು, ಬಚ್ಚಲಿನ ಹೊರಗಂಡಿ ಎಲ್ಲ ನೋಡಿ. ತಲೆ ತೂರುವ ಜಾಗದಲ್ಲಿ ಮೈಯೂ ತೂರುತ್ತೆ. ಕಿಟಕಿಗೆ ಸೊಳ್ಳೆ ಪರದೆ ಸಾಲದು, ಉಗುರಿಂದ ಹರಿದುಹಾಕುತ್ತೆ. ತಂತಿಯ ಜಾಲರಿ ಹಾಕಿಸಿ.

ಮರಳಿನ ಟ್ರೇ ಒಂದು ಮೂಲೆ, ಊಟ ಅದರಿಂದ ದೂರದ ಇನ್ನೊಂದು ಮೂಲೆ. ಎರಡೂ ಹತ್ತಿರ ಇದ್ದರೆ ಅವಳಿಗೆ ಹಿಡಿಸಲ್ಲ. ನಾನು ದೊಡ್ಡ ಪ್ಲಾಸ್ಟಿಕ್ ಟಬ್ ಇಟ್ಟಿದ್ದೇನೆ. ನಿಮ್ಮವಳಿಗೆ ಕಾಲು ನೋವಿದೆಯಲ್ಲ, ಅಂಚು ತಗ್ಗಾಗಿರುವುದನ್ನೇ ನೋಡಿ. ದಿನಕ್ಕೆ ಎರಡು ಸಲ ಬಾಚಿ ತೆಗೆಯಿರಿ. ಹೊಲಸಾಗಿದ್ದರೆ ಅವಳು ಹೊರಗೆ ಮಾಡುತ್ತಾಳೆ, ತಪ್ಪು ಅವಳದಲ್ಲ.

ಬಸುರಿ_ಮನೆ
ನಾನು ಐದು ತಿಂಗಳ ಬಸುರಿ. ಮನೆಯಲ್ಲಿ ಬೆಕ್ಕಿದೆ, ಎಲ್ಲರೂ ಬಿಟ್ಟುಬಿಡು ಎನ್ನುತ್ತಾರೆ. ಬಿಡಲೇಬೇಕಾ?

ಬೋಗಾದಿ_ಪಶುವೈದ್ಯೆ
ಬೇಡಮ್ಮ. ಟಾಕ್ಸೋಪ್ಲಾಸ್ಮಾ ಎಂಬ ಪರೋಪಜೀವಿಯ ಭಯ ಅದು. ಬೆಕ್ಕಿನ ಕಕ್ಕದಲ್ಲಿ ಬಂದರೂ ಹರಡುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು. ಟ್ರೇಯನ್ನು ಬೇರೆ ಯಾರಾದರೂ ಪ್ರತಿದಿನ ತೆಗೆಯಲಿ. ಬೇರೆ ಯಾರೂ ಇಲ್ಲದಿದ್ದರೆ ಗ್ಲೌಸ್ ಹಾಕಿಕೊಳ್ಳಿ. ಬೆಕ್ಕಿಗೆ ಹಸಿ ಮಾಂಸ ಬೇಡ. ನೀವೂ ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು ತಿನ್ನಬೇಡಿ. ಅದರಿಂದ ಬರುವ ಸಾಧ್ಯತೆಯೇ ಜಾಸ್ತಿ. ನಿಮ್ಮ ಹೆರಿಗೆ ಡಾಕ್ಟರ್‌ಗೂ ಒಂದು ಮಾತು ಹೇಳಿಡಿ.

ಅಗ್ರಹಾರದ_ಮನೆ
ಹಬ್ಬ ಮುಗಿಯಿತು. ವಿಜಯದಶಮಿ ಮಧ್ಯಾಹ್ನ ತೋಪಿನ ಸದ್ದಿಗೆ ನಮ್ಮ ಕಿಟಕಿ ಗಾಜು ನಡುಗಿತು. ಅವಳು ಇನ್ನೂ ಬಂದಿಲ್ಲವಲ್ಲ ಎಂದು ನನಗೆ ನೆಮ್ಮದಿ.

ಕೋಣೆ ಸಿದ್ಧ. ಜಾಲರಿ ಹಾಕಿಸಿದ್ದೇವೆ. ಅಟ್ಟದ ಗಂಡಿಗೆ ಹಲಗೆ ಹೊಡೆಸಿದೆವು. ರಟ್ಟಿನ ಪೆಟ್ಟಿಗೆಗೆ ಎರಡು ಬಾಗಿಲು ಕತ್ತರಿಸಿ ಮಗಳು ಮನೆ ಮಾಡಿದ್ದಾಳೆ. ಮೂರು ಬಣ್ಣದ ಬೆಕ್ಕು ಯಾಕೆ ಯಾವಾಗಲೂ ಹೆಣ್ಣೇ ಎಂದು ಕೇಳುತ್ತಿದ್ದಾಳೆ. ಯಾರಿಗಾದರೂ ಗೊತ್ತಾ?

ಸಕ್ಕರೆ_ನಾಡು
ಪುಟ್ಟಿಗೆ ಹೀಗೆ ಹೇಳಿ. ಕಪ್ಪೋ ಕೇಸರಿಯೋ ಎಂದು ತೀರ್ಮಾನಿಸುವ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದೇ. ಎರಡಿದ್ದಾಗ ಒಂದರಲ್ಲಿ ಕಪ್ಪು, ಒಂದರಲ್ಲಿ ಕೇಸರಿ ಇರಬಹುದು. ಮೈಯ ಒಂದೊಂದು ಜಾಗದಲ್ಲಿ ಒಂದೊಂದು ಕೆಲಸ ಮಾಡುತ್ತೆ, ಅದಕ್ಕೇ ತೇಪೆ ತೇಪೆ. ಅಪರೂಪಕ್ಕೆ ಒಂದು ಗಂಡು ಹೆಚ್ಚುವರಿ ಎಕ್ಸ್ ಜೊತೆ ಹುಟ್ಟಿದರೆ ಅದಕ್ಕೂ ಮೂರು ಬಣ್ಣ ಬರಬಹುದು.

ಅಗ್ರಹಾರದ_ಮನೆ
ಭಾನುವಾರ ಬೆಳಿಗ್ಗೆ 10ಕ್ಕೆ ಬಂದಳು. ದಾರಿಯಲ್ಲಿ ಎರಡೇ ಸಲ ಕೂಗಿದಳು. ಕ್ಯಾರಿಯರ್ ಬಾಗಿಲು ತೆಗೆದಿಟ್ಟು ನಾವೆಲ್ಲ ಹೊರಗೆ ಬಂದೆವು. ಸಂಜೆ ನೋಡಿದರೆ ಟ್ರಂಕಿನ ಹಿಂದೆ ಗೋಡೆಗೆ ಒತ್ತಿಕೊಂಡು ಕೂತಿದ್ದಾಳೆ. ಈಗ ಸೋಮವಾರ ಬೆಳಿಗ್ಗೆ. ಒಂದು ಕಾಳೂ ತಿಂದಿಲ್ಲ. ಟ್ರೇ ಮುಟ್ಟಿಲ್ಲ. ನನಗೆ ಭಯವಾಗುತ್ತಿದೆ.

ಬೋಗಾದಿ_ಪಶುವೈದ್ಯೆ
ಮೊದಲ ದಿನ ಹೀಗಾಗುವುದು ಸಾಮಾನ್ಯ. ಎಳೆದು ತೆಗೆಯಬೇಡಿ. ತಟ್ಟೆಯನ್ನು ಟ್ರಂಕಿನ ಪಕ್ಕಕ್ಕೇ ತಳ್ಳಿ. ಪೌಚಿನ ಒದ್ದೆ ಆಹಾರವಿದ್ದರೆ ಬಿಸಿನೀರಿನ ಬಟ್ಟಲಲ್ಲಿ ಪೌಚನ್ನು ಇಟ್ಟು ಉಗುರು ಬೆಚ್ಚಗೆ ಮಾಡಿ. ಬಿಸಿಗೆ ವಾಸನೆ ಏಳುತ್ತೆ, ಬೆಕ್ಕು ಮೂಗಿನಿಂದಲೇ ತಿನ್ನುವ ಪ್ರಾಣಿ. ಆದರೆ ನಾಳೆ ಬೆಳಿಗ್ಗೆವರೆಗೂ ಏನೂ ಮುಟ್ಟದಿದ್ದರೆ ಕಾಯಬೇಡಿ, ಡಾಕ್ಟರ್‌ಗೆ ತೋರಿಸಿ. ಬೆಕ್ಕು ದಿನಗಟ್ಟಲೆ ಉಪವಾಸ ಇದ್ದರೆ ಮೈಯ ಕೊಬ್ಬೆಲ್ಲ ಲಿವರ್‌ಗೆ ಬಂದು ಸೇರಿ ಕಾಯಿಲೆಯಾಗುತ್ತೆ.

ತಾತ್ಕಾಲಿಕ_ಮನೆ
ನಾನೇ ಅವಳನ್ನು ಸಾಕಿದವಳು. ಇಲ್ಲಿ ಬರೆದದ್ದೆಲ್ಲ ಓದುತ್ತಿದ್ದೇನೆ. ನಮ್ಮನೆಯಲ್ಲೂ ಮೊದಲು ಹಗಲು ತಿನ್ನುತ್ತಿರಲಿಲ್ಲಮ್ಮ. ದೀಪ ಆರಿಸಿ, ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ತಿನ್ನುತ್ತಿದ್ದಳು. ಚರಂಡಿಯಲ್ಲಿ ಬೆಳೆದವಳು, ಜನ ಇರುವಾಗ ತಿನ್ನುವುದು ಅಪಾಯ ಎಂದೇ ಕಲಿತಿದ್ದಾಳೆ. ರಾತ್ರಿ ಏನಾಯಿತು ಎಂದು ತಿಳಿಸಿ. ನಾನೂ ಎದ್ದಿರುತ್ತೇನೆ.

ಅಗ್ರಹಾರದ_ಮನೆ
ರಾತ್ರಿ 2.30. ಕರುಂ ಕರುಂ ಎಂದು ಸದ್ದು! ಬಾಗಿಲ ಹೊರಗೆ ಕತ್ತಲಲ್ಲಿ ನಾನೂ ಅತ್ತೆಯೂ ನಿಂತು ಕೇಳಿದೆವು. ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು.

ತಾತ್ಕಾಲಿಕ_ಮನೆ
ಅಬ್ಬಾ. ಈಗ ನಾನೂ ಮಲಗುತ್ತೇನೆ.

ಮೂರು_ಬೆಕ್ಕಿನ_ಅಮ್ಮ
ಇನ್ನು ಅವಸರ ಬೇಡ. ದಿನಾ ಒಂದೇ ಹೊತ್ತಿಗೆ ಹೋಗಿ ನೆಲದ ಮೇಲೆ ಕೂತು ಬನ್ನಿ. ಮಗಳು ಅಲ್ಲೇ ಕೂತು ಪಾಠ ಓದಲಿ, ಧ್ವನಿ ಪರಿಚಯವಾಗುತ್ತೆ. ದಿಟ್ಟಿಸಿ ನೋಡಬೇಡಿ. ಅವಳು ನಿಮ್ಮ ಕಡೆ ನೋಡಿದಾಗ ನಿಧಾನವಾಗಿ ಕಣ್ಣು ಮುಚ್ಚಿ, ನಿಧಾನವಾಗಿ ತೆಗೆಯಿರಿ. ವಾಪಸ್ ಹಾಗೇ ಮಾಡಿದರೆ ಅವಳಿಗೆ ನಿಮ್ಮ ಭಯ ಹೋಗುತ್ತಿದೆ ಎಂದು ತಿಳಿಯಿರಿ.

ಅಗ್ರಹಾರದ_ಮನೆ
ಎಂಟನೇ ದಿನ. ಕಣ್ಣು ಮುಚ್ಚಿ ತೆಗೆದಳು. ನನಗಲ್ಲ, ಅತ್ತೆಗೆ. ಅತ್ತೆ ಮಧ್ಯಾಹ್ನ ಅಲ್ಲಿ ಬತ್ತಿ ಹೊಸೆಯುತ್ತಾ ಕೂರುತ್ತಾರೆ. ಹತ್ತಿಯನ್ನು ಮಡಿಲಿಂದ ಕೆಳಗಿಡುವುದಿಲ್ಲ, ಎದ್ದು ಬರುವಾಗ ಎಲ್ಲಾ ಡಬ್ಬಿಗೆ ಹಾಕಿ ಮುಚ್ಚಿಕೊಂಡೇ ಬರುತ್ತಾರೆ.

ನಿನ್ನೆ ಅತ್ತೆಯೇ ಒಂದು ಕೆಲಸ ಮಾಡಿದರು. ಗೊಂಬೆ ಮೆಟ್ಟಿಲಿನ ಮರದ ಹಲಗೆಗಳನ್ನು ಪ್ರತಿ ವರ್ಷ ಹಬ್ಬ ಮುಗಿದ ಕೂಡಲೇ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿಸುತ್ತಾರೆ. ಈ ಸಲ ಕೆಳಗಿನ ಮೂರು ಮೆಟ್ಟಿಲನ್ನು ಹಾಗೇ ಉಳಿಸಿ, ಅವಳ ಕೋಣೆಯ ಕಿಟಕಿ ಕೆಳಗೆ ಜೋಡಿಸಿಸಿದರು. ‘ಕಾಲು ನೋವಿನವಳು, ಒಂದೇ ಸಲ ಹಾರಕ್ಕಾಗಲ್ಲ, ಮೆಟ್ಟಿಲಿದ್ದರೆ ಹತ್ತುತ್ತಾಳೆ’ ಎಂದರು. ಜಾರದ ಹಾಗೆ ಮೇಲೆ ಗೋಣಿ ಹಾಸಿದ್ದಾರೆ. ಇವತ್ತು ಬೆಳಿಗ್ಗೆ ಮೊದಲು ಮುಂಗಾಲು ಎರಡನ್ನೂ ಇಟ್ಟಳು. ಗೋಣಿಯನ್ನು ಉಗುರಿನಿಂದ ಒಮ್ಮೆ ಎಳೆದು ನೋಡಿದಳು. ಎಡಗಾಲನ್ನು ಸ್ವಲ್ಪ ಹೊತ್ತು ಎತ್ತಿ ಹಿಡಿದು ನಿಂತು, ಆಮೇಲೆ ಅದನ್ನೂ ಎಳೆದುಕೊಂಡಳು. ಮೂರನೇ ಮೆಟ್ಟಿಲಿಗೆ ಹೋಗಿ ಕಿಟಕಿಯ ಬಿಸಿಲಿಗೆ ಮುಖ ಕೊಟ್ಟು ಕೂತಳು.

ಹೂ_ಕಟ್ಟೋಳು
ಓದಿ ಕಣ್ಣು ತುಂಬಿ ಬಂತು. ಹೆಸರೇನು ಇಟ್ಟಿರಿ?

ಅಗ್ರಹಾರದ_ಮನೆ
ಗೊಂಬೆ. ಮಗಳು ಇಟ್ಟದ್ದು.

ದೀಪಾವಳಿಗೆ ಏನು ಮಾಡಲಿ ಹೇಳಿ. ನಮ್ಮ ಬೀದಿಯಲ್ಲಿ ಪಟಾಕಿ ಜಾಸ್ತಿ.

ಸಕ್ಕರೆ_ನಾಡು
ಸಂಜೆ ಆರಕ್ಕೆ ಮೊದಲೇ ಊಟ ಕೊಟ್ಟು ಕಿಟಕಿ ಹಾಕಿ ದಪ್ಪ ಕಂಬಳಿ ಇಳಿಬಿಡಿ. ಫ್ಯಾನ್, ರೇಡಿಯೋ ಹಾಕಿ, ಹೊರಗಿನ ಸದ್ದು ಸ್ವಲ್ಪ ಮುಳುಗುತ್ತೆ. ರಟ್ಟಿನ ಪೆಟ್ಟಿಗೆ ಅವಳಿಗೆ ಇಷ್ಟವಾದ ಮೂಲೆಯಲ್ಲಿರಲಿ. ಬಚ್ಚಿಟ್ಟುಕೊಂಡರೆ ಅಲ್ಲೇ ಇರಲು ಬಿಡಿ. ಬಾಗಿಲು ಮಾತ್ರ ಯಾರೂ ತೆಗೆಯಬಾರದು. ಹಬ್ಬದ ದಿನ ಬಂದು ಹೋಗುವವರು ಜಾಸ್ತಿ, ಬಾಗಿಲ ಮೇಲೆ ಚೀಟಿ ಅಂಟಿಸಿ.

ಬಣವೆ_ಪಾಂಡವಪುರ
ಈ ಸಲ ನಮ್ಮ ಮನೆ ಅಂಗಳದಲ್ಲಿ ಪಟಾಕಿ ಬೇಡ ಎಂದು ಹುಡುಗರಿಗೆ ಹೇಳಿದ್ದೇನೆ. ಬಣವೆ ಹಿಂದೆ ಒಂದು ಬೆಕ್ಕು ನಾಲ್ಕು ಮರಿ ಹಾಕಿದೆ. ಮರಿ ಹಾಲು ಬಿಟ್ಟಮೇಲೆ ತಾಯಿಗೆ ಆಪರೇಷನ್ ಮಾಡಿಸಬೇಕು. ಎಷ್ಟು ದಿನ ಆದಮೇಲೆ ಮಾಡಿಸಬಹುದು ಡಾಕ್ಟ್ರೇ?

ಬೋಗಾದಿ_ಪಶುವೈದ್ಯೆ
ಮರಿಗಳಿಗೆ ಎಂಟು ವಾರ ಆಗಲಿ. ಹಾಲು ಬತ್ತಲು ಇನ್ನೊಂದು ಎರಡು ವಾರ ಕಾಯಿರಿ. ಅಷ್ಟು ದಿನ ಗಂಡು ಬೆಕ್ಕು ಹತ್ತಿರ ಬರದ ಹಾಗೆ ಅವಳನ್ನು ಒಳಗಿಡಿ. ಮರಿಗೆ ಹಾಲು ಕೊಡುತ್ತಿರುವಾಗಲೇ ಮತ್ತೆ ಗಬ್ಬವಾಗುತ್ತೆ, 63-65 ದಿನಕ್ಕೆ ಇನ್ನೊಂದು ಸೂಲು. ಮರಿಗಳಿಗೂ ನಾಲ್ಕೈದು ತಿಂಗಳಿಗೇ ಮಾಡಿಸಿಬಿಡಿ.

ಬಣವೆ_ಪಾಂಡವಪುರ
ಸರಿ ಮೇಡಂ. ಹಾಗಾದರೆ ಅವಳನ್ನು ಭತ್ತದ ಕೋಣೆಯಲ್ಲಿ ಇಡುತ್ತೇನೆ. ಬಾಗಿಲು ಹಾಕಿಯೇ ಇಡುತ್ತೇನೆ.

ಅಗ್ರಹಾರದ_ಮನೆ
ದೀಪಾವಳಿಯ ಮೂರು ರಾತ್ರಿಯೂ ಕಳೆಯಿತು. ಮೊದಲನೇ ರಾತ್ರಿ ಪೆಟ್ಟಿಗೆ ಒಳಗೇ ಇದ್ದಳು, ನಡುಗುತ್ತಿದ್ದಳು. ಅತ್ತೆ ಕೋಣೆಯಲ್ಲೇ ಚಾಪೆ ಹಾಸಿ ಮಲಗಿದರು. ಮೂರನೇ ರಾತ್ರಿ ಹೊರಗೆ ಸರ ಪಟಾಕಿ ಸಿಡಿಯುತ್ತಿದ್ದರೂ ಬಂದು ಅತ್ತೆಯ ಕಾಲ ಹತ್ತಿರ ಊಟ ಮಾಡಿದಳು.

ನಾಡಿದ್ದು ಎರಡನೇ ಡೋಸ್ ಲಸಿಕೆ. ಕ್ಯಾರಿಯರ್‌ಗೆ ಹೇಗೆ ಹಾಕುವುದೋ ಎಂದು ಯೋಚನೆಯಾಗಿತ್ತು. ಒಂದು ವಾರದಿಂದ ಅವಳ ಹಳೇ ಬಟ್ಟೆ ಹಾಸಿ ಕೋಣೆಯಲ್ಲೇ ತೆರೆದಿಟ್ಟಿದ್ದೆವು. ಇವತ್ತು ಮಧ್ಯಾಹ್ನ ನೋಡಿದರೆ ಅದರೊಳಗೆ ಮಲಗಿದ್ದಾಳೆ. ಪೆಟ್ಟು ಬಿದ್ದ ಕಾಲು ಬಾಗಿಲಿನಿಂದ ಹೊರಗೆ ಚಾಚಿಕೊಂಡಿದೆ.